ರಾಮಾಂಜಿನಪ್ಪ ಮುತ್ತಾತನನ್ನು ಬದಲಾಯಿಸಿದ್ದು

ರಾಮಾಂಜಿನಪ್ಪ ಆ ದಿನ ಹಳೇ ಸುಣ್ಣದ ಮೇಲೆ ಹೊಸ ಸುಣ್ಣ ಬಳಿದು ಸುಮ್ಮನೆ ಕೈ ತೊಳೆದುಕೊಂಡಿದ್ದರೆ ಅವನ ಸಂಸಾರ ಇವತ್ತಿಗೂ ನೆಟ್ಟಗಿರುತ್ತಿತ್ತು. ಅವನ ತಾತ ಹಾಗೇ ಮಾಡಿದ್ದ, ಅಪ್ಪನೂ ಹಾಗೇ ಮಾಡಿದ್ದ. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯ ಬೆಳಿಗ್ಗೆ ಮುತ್ತಾತನ ಸಮಾಧಿ ಕಲ್ಲಿಗೆ ಒಂದು ಕೈ ಸುಣ್ಣ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ, ಮಧ್ಯಾಹ್ನ ಎಡೆ. ಇಷ್ಟು ವರ್ಷದ ಸುಣ್ಣ ಕಲ್ಲಿನ ಮೈಗೆ ರೊಟ್ಟಿ ದಪ್ಪ ಹತ್ತಿಕೊಂಡು, ಅದರಡಿ ಏನಿದೆ ಎಂದು ಕೇಳುವವರೇ ಇರಲಿಲ್ಲ. ಆದರೆ ಆ ವರ್ಷ ಸಮಾಧಿ ನೋಡಲು ಸರ್ಕಾರಿ ಅಧಿಕಾರಿಯೊಬ್ಬ ಬರುವವನಿದ್ದ. ನೆಂಟರು ಬರುತ್ತಾರೆಂದರೆ ಮಕ್ಕಳ ಮುಖ ತಿಕ್ಕಿ ತೊಳೆಯುವುದಿಲ್ಲವೆ, ಹಾಗೆ ರಾಮಾಂಜಿನಪ್ಪ ಕುಡುಗೋಲು ಹಿಡಿದು ಹಳೇ ಸುಣ್ಣವನ್ನೆಲ್ಲ ಕೆರೆಯಲು ಕೂತ.

ಅಧಿಕಾರಿ ಬರುವುದಕ್ಕೂ ಕಾರಣವಿತ್ತು. ವೈಟ್‌ಫೀಲ್ಡಿನ ರೈಲ್ವೆ ಗೇಟಿನಾಚೆಯ ಹುಣಸೆಪಾಳ್ಯದ ರಾಗಿ ಹೊಲಗಳನ್ನೆಲ್ಲ ಸರ್ಕಾರ ಕಾರ್ಖಾನೆಗಳಿಗೆಂದು ತೆಗೆದುಕೊಂಡು ಎರಡು ವರ್ಷವಾಗಿತ್ತು. ರಾಮಾಂಜಿನಪ್ಪ ಎಂಬತ್ತೊಂದನೇ ಇಸವಿಯವರೆಗೂ ಕುಂಟೆ ಹೊಡೆದ ಹೊಲಕ್ಕೆ ಈಗ ಕಾಂಪೌಂಡು, ಕಾಂಪೌಂಡಿಗೊಂದು ಗೇಟು, ಗೇಟಿಗೊಬ್ಬ ಗೂರ್ಖ ಬಂದಿದ್ದ. ಉಳಿದಿದ್ದು ಅರ್ಧ ಎಕರೆ. ಅದರಲ್ಲಿ ಹೆಂಚಿನ ಮನೆ, ಬಾವಿ, ಮುತ್ತಾತನ ಸಮಾಧಿ. ಈಗ ಅದಕ್ಕೂ ನೋಟೀಸು ಬಂದಿತ್ತು. ಅದೂ ಹೋದರೆ ತಾಯಿ ಪಿಳ್ಳಮ್ಮ, ಹೆಂಡತಿ, ಮಕ್ಕಳು, ಸೀಮೆ ಹಸು ಸಮೇತ ಅವನು ಬೀದಿಯಲ್ಲಿ ನಿಲ್ಲಬೇಕು.

ಆಫೀಸಿಗೆ ಅಲೆದಲೆದು ಚಪ್ಪಲಿ ಸವೆದ ಮೇಲೆ ಸರ್ವೆ ಇನ್‌ಸ್ಪೆಕ್ಟರ್ ಶೇಷಗಿರಿಗೆ ಕರುಣೆಯೋ ಬೇಸರವೋ ಬಂದು ಒಂದು ದಾರಿ ಹೇಳಿದ್ದರು. "ನೋಡಪ್ಪ, ಜಾಗದಲ್ಲಿ ಹಿರಿಯರ ಸಮಾಧಿ ಇದ್ದು, ಈಗಲೂ ಪೂಜೆ ನಡೀತಿದ್ರೆ, ಅವರ ವಂಶದವರಿಗೆ ಆ ಜಾಗ ಬಿಟ್ಟುಕೊಡೋಕೆ ಅವಕಾಶ ಇದೆ. ಪಹಣಿ ಇನ್ನೂ ನರಸಪ್ಪ ಅನ್ನೋರ ಹೆಸರಲ್ಲೇ ಇದೆ."

"ಅವ್ನೇ ಸಾರ್ ನಮ್ಮ ಮುತ್ತಾತ. ಸಮಾಧೀಲಿರೋನೂ ಅವ್ನೇ. ಪಾಲಾದಾಗ ಬಾಯ್ಮಾತ್ನಲ್ಲಿ ಆಯ್ತು, ಖಾತೆ ಯಾರೂ ಮಾಡಿಸ್ಲಿಲ್ಲ."

"ಬಾಯಿಮಾತು ನನಗೆ ಬೇಡ. ಅಮಾವಾಸ್ಯೆ ದಿನ ಬರ್ತೀನಿ, ಕಣ್ಣಾರೆ ನೋಡಿ ಬರ್ಕೊಂಡು ಹೋಗ್ತೀನಿ."

ನರಸಪ್ಪನಿಗೆ ಇಬ್ಬರು ಮಕ್ಕಳು. ಕಿರಿಯವನ ಕವಲು ರಾಮಾಂಜಿನಪ್ಪನದು. ಹಿರಿಯವನ ಕವಲಿನಲ್ಲಿ ಉಳಿದವನು ಚಿನ್ನಪ್ಪ. ಪಾಲಿನಲ್ಲಿ ಅವನ ಕಡೆಗೆ ಬಂದಿದ್ದ ಕೆಳಗಿನ ಹೊಲ ಪೂರ್ತಿ ಕಾರ್ಖಾನೆಗೆ ಹೋಗಿ, ರಸ್ತೆಯಾಚೆ ಶೀಟಿನ ಮನೆಯೊಂದರಲ್ಲಿ ಬಾಡಿಗೆಗಿದ್ದ. ದಾಯಾದಿಗಳಿಬ್ಬರಿಗೂ ಮಾತಿಲ್ಲ. ಪಂಕ್ತಿಯಲ್ಲಿ ಕೂತವನು ಪಕ್ಕದ ಎಲೆಗೆ ಬಿದ್ದ ಹೋಳಿಗೆಯನ್ನು ನೋಡುವ ಹಾಗೆ ಚಿನ್ನಪ್ಪ ದಿನವೂ ಆ ಅರ್ಧ ಎಕರೆಯನ್ನು ನೋಡುತ್ತಿದ್ದ.

ಸುಣ್ಣ ಹಪ್ಪಳ ಹಪ್ಪಳವಾಗಿ ಉದುರಿತು. ಅದರಡಿ ಬೂದು ಕಲ್ಲು, ಕಲ್ಲಿನ ಮೇಲೆ ಕೆತ್ತಿದ ಅಕ್ಷರ. ರಾಮಾಂಜಿನಪ್ಪನಿಗೆ ಸಂತೋಷದಿಂದ ಎದೆ ಉಬ್ಬಿತು. ಕಣ್ಣಾರೆ ನೋಡಬೇಕೆಂದ ಸರ್ಕಾರಕ್ಕೆ ಮುತ್ತಾತ ತಾನೇ ಹೆಸರು ಹೇಳಿಕೊಂಡು ಎದ್ದು ಕೂತ ಹಾಗಾಯಿತು. ಅಕ್ಷರ ಕನ್ನಡದ್ದಲ್ಲ ಎಂಬುದು ಅವನಿಗೆ ಆಮೇಲೆ ಹೊಳೆಯಿತು.

ಅಷ್ಟರಲ್ಲಿ ಮುನಿಯಣ್ಣ ಬಂದ. ಯಾರ ಮನೆಯಲ್ಲಿ ಏನು ನಡೆದರೂ ಅಲ್ಲಿ ಮುನಿಯಣ್ಣ ಇರುತ್ತಿದ್ದ. ಒಂದು ಕಾಲದಲ್ಲಿ ಪಂಚಾಯ್ತಿ ಮೆಂಬರು, ಈಗ ಸೈಟು ಬ್ರೋಕರು. ಹುಡುಗನಾಗಿದ್ದಾಗ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ಲಿನಲ್ಲಿ ಆಂಗ್ಲೋ ಇಂಡಿಯನ್ ಅಮ್ಮನವರ ಅಡಿಗೆಮನೆಯಲ್ಲಿ ಪಾತ್ರೆ ತೊಳೆದಿದ್ದರಿಂದ ಹುಣಸೆಪಾಳ್ಯಕ್ಕೆಲ್ಲ ಇಂಗ್ಲಿಷು ಬಲ್ಲವನು ಅವನೊಬ್ಬನೇ.

"ಏನ್ಲಾ ರಾಮಾಂಜಿ, ಅಂಗ್ ಕೆರೀತಿದ್ದೀಯ?"

"ಏನೋ ಕೆತ್ತವ್ರೆ ಮುನಿಯಣ್ಣ. ನಮ್ಮ ಮುತ್ತಾತನ ಹೆಸ್ರಿರ್ಬೇಕು. ವಸಿ ಓದಿ ಯೋಳು."

ಮುನಿಯಣ್ಣ ತನ್ನ ಲೂನಾ ಮೊಪೆಡ್ಡು ನಿಲ್ಲಿಸಿ ಬಗ್ಗಿದ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸಿ, ಮತ್ತೆ ಮೊದಲಿನಿಂದ ಬಂದ. ಕಲ್ಲಿನ ನೆತ್ತಿ ಯಾವ ಕಾಲದಲ್ಲೋ ಮುರಿದು ಬಿದ್ದಿತ್ತು. ಕೆಳಭಾಗವನ್ನು ರಾಮಾಂಜಿನಪ್ಪ ಹೊಲದ ಪರಿಹಾರ ಬಂದ ಹೊಸತರಲ್ಲಿ ಕಟ್ಟಿಸಿದ್ದ ಸಿಮೆಂಟಿನ ಕಟ್ಟೆ ನುಂಗಿತ್ತು. ನಡುವೆ ಉಳಿದಿದ್ದು ಎರಡೇ ಸಾಲು, ದೊಡ್ಡ ಅಕ್ಷರದಲ್ಲಿ.

"ನಿಮ್ಮ ಮುತ್ತಾತನ ಹೆಸ್ರು ನರಸಪ್ಪ ಅಲ್ವೇನ್ಲಾ?"

"ಊಂ."

"ಇಲ್ಲಿ ಅಲೆಕ್ಸಾಂಡರ್ ಟುಲಕ್ ಅಂತೈತೆ." ಮುನಿಯಣ್ಣ ಸೊಂಟ ನೆಟ್ಟಗೆ ಮಾಡಿಕೊಂಡ. "ಇದು ದೊರೆ ಗೋರಿ ಕಣೋ. ಮೂರು ತಲೆಮಾರಿಂದ ದೊರೆಗೆ ಮುದ್ದೆ, ಬಾಡು ಎಡೆ ಇಕ್ಕಿದ್ದೀರ. ಪಾಪ, ಎಂಗ್ ಅರಗಿಸ್ಕೊಂಡ್ನೋ."

ರಾಮಾಂಜಿನಪ್ಪ ಕುಡುಗೋಲು ಅಲ್ಲೇ ಬಿಟ್ಟು ಎದ್ದ. "ಮುನಿಯಣ್ಣ, ನಿನ್ ಕಾಲಿಗ್ ಬೀಳ್ತೀನಿ, ಯಾರ್ಗೂ ಯೋಳ್ಬೇಡ. ಇನ್‌ಸ್ಪೆಕ್ಟ್ರು ಬರೋದ್ರೊಳಗೆ ಮತ್ತೆ ಸುಣ್ಣ ಬಳ್ದುಬುಡ್ತೀನಿ."

"ನಾನ್ಯಾಕ್ ಯೋಳ್ಳಿ" ಎಂದ ಮುನಿಯಣ್ಣ, ಲೂನಾ ಹತ್ತಿ ಪೆಡಲು ತುಳಿದು ಸೀದಾ ಇನ್ನರ್ ಸರ್ಕಲ್ಲಿನ ಕಡೆ ತಿರುಗಿಸಿದ. ಅಲ್ಲಿ ಒಂದು ವಾರದಿಂದ ಬಿಳಿಯನೊಬ್ಬ ಬಂದಿಳಿದು, ಟುಲಕ್, ಟುಲಕ್ ಎಂದು ಕಂಡಕಂಡವರನ್ನೆಲ್ಲ ಕೇಳುತ್ತ ತಿರುಗುತ್ತಿದ್ದುದು ಅವನಿಗೆ ಗೊತ್ತಿತ್ತು. ತೋರಿಸಿದವರಿಗೆ ಏನಾದರೂ ಸಿಗದೆ ಇರುವುದಿಲ್ಲ ಎಂಬುದು ಅವನ ಲೆಕ್ಕಾಚಾರ.

ರಾಮಾಂಜಿನಪ್ಪ ಸುಣ್ಣ ಕಲಸಿದ. ಗಾಬರಿಯಲ್ಲಿ ನೀರು ಜಾಸ್ತಿಯಾಗಿ ಮಜ್ಜಿಗೆಯಂತಾಯಿತು. ಬಳಿದಷ್ಟೂ ಅಕ್ಷರಗಳು ಅದರೊಳಗಿಂದ ಇನ್ನಷ್ಟು ಸ್ಪಷ್ಟವಾಗಿ ಇಣುಕಿದವು. ಎರಡನೇ ಕೈ ಬಳಿಯುತ್ತಿರುವಾಗಲೇ ಮುನಿಯಣ್ಣನ ಲೂನಾದ ಹಿಂದೆ ಅಂಬಾಸಡರ್ ಕಾರೊಂದು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಅದರಿಂದ ಇಳಿದ ಉದ್ದನೆಯ ಮುದುಕ ಬಿಸಿಲಿಗೆ ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಗಾಗಿದ್ದ. ಯಾರನ್ನೂ ನೋಡದೆ ಕಲ್ಲಿನ ಹತ್ತಿರ ಬಂದು, ಜೇಬಿನಿಂದ ಕರ್ಚೀಫು ತೆಗೆದು ಹಸಿ ಸುಣ್ಣವನ್ನು ಒರೆಸಿ, ಆ ಎರಡು ಸಾಲನ್ನು ಓದಿ, ಅಲ್ಲೇ ಮೊಣಕಾಲೂರಿ ಕೂತು ಅಳಲು ಶುರುಮಾಡಿದ. ದೊಡ್ಡವರು ಅಷ್ಟು ಬಾಯಿಬಿಟ್ಟು ಅಳುವುದನ್ನು ರಾಮಾಂಜಿನಪ್ಪ ಸಾವಿನ ಮನೆಯಲ್ಲಷ್ಟೇ ನೋಡಿದ್ದ. ಏನು ಮಾಡಬೇಕೆಂದು ತೋಚದೆ ಸುಣ್ಣದ ಬಕೀಟು ಹಿಡಿದು ಪಕ್ಕದಲ್ಲಿ ನಿಂತ.

ಶೇಷಗಿರಿಯವರ ಜೀಪು ಬಂದಿದ್ದೂ ಆಗಲೇ. ಊರಿಗೆ ಊರೇ ಸೇರಿತ್ತು. ಚಿನ್ನಪ್ಪನೂ ರಸ್ತೆ ದಾಟಿ ಬಂದು ಹಿಂದೆ ನಿಂತಿದ್ದ.

ಶೇಷಗಿರಿಯವರು ಬಿಳಿಯನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿ, ಅವನು ಬಿಚ್ಚಿದ ಉದ್ದನೆಯ ಕಾಗದದ ಸುರುಳಿ ನೋಡಿ, ಜನಕ್ಕೆ ಕನ್ನಡದಲ್ಲಿ ಹೇಳಿದರು. "ಇವರ ಹೆಸರೂ ಟುಲಕ್ ಅಂತೆ. ಸ್ಕಾಟ್ಲೆಂಡಿನವರು. ರಿಟೈರ್ಡ್ ಮೇಷ್ಟ್ರು. ಇದು ಇವರ ವಂಶಾವಳಿ. ಇವರ ತಾತನ ಅಣ್ಣ ಅಲೆಕ್ಸಾಂಡರ್ ಟುಲಕ್ ಹಡಗು ಹತ್ತಿ ಇಂಡಿಯಾಕ್ಕೆ ಬಂದೋರು ತಿರುಗಿ ಹೋಗಲೇ ಇಲ್ವಂತೆ. ಇವರು ಹಡಗಿನ ಹಳೇ ಪಟ್ಟಿ, ಚರ್ಚಿನ ಪುಸ್ತಕ ಎಲ್ಲ ಹುಡುಕಿ ಹುಡುಕಿ ವೈಟ್‌ಫೀಲ್ಡಿನವರೆಗೂ ಬಂದಿದಾರೆ. ಪ್ಲೇಗು ಬಂದ ವರ್ಷದವರೆಗೂ ಇಲ್ಲಿನ ಚರ್ಚಿನಲ್ಲಿ ಹೆಸರಿದೆ, ಆಮೇಲೆ ಇಲ್ಲ."

"ಆ ದೇಸ ಬುಟ್ಟು ಇಲ್ಲಿಗ್ಯಾಕ್ ಬಂದ್ನಂತೆ?" ಎಂದು ಕೇಳಿದಳು ಪಿಳ್ಳಮ್ಮ. ಎಪ್ಪತ್ತೈದು ದಾಟಿದ್ದರೂ ಪ್ರಶ್ನೆ ಕೇಳುವುದರಲ್ಲಿ ಹಿಂದೆ ಬೀಳುವವಳಲ್ಲ.

ಶೇಷಗಿರಿಯವರು ಕೇಳಿ ತಿಳಿದು ಹೇಳಿದರು. "ಅಲ್ಲಿನ ಜಮೀನ್ದಾರರು ಕುರಿ ಸಾಕಬೇಕು ಅಂತ ಇವರ ಊರಿಗೆ ಊರನ್ನೇ ಒಕ್ಕಲೆಬ್ಬಿಸಿದ್ರಂತೆ. ಮನೆಗೆ ಬೆಂಕಿನೂ ಇಟ್ರಂತೆ. ಮನೆಯವರೆಲ್ಲ ಒಬ್ಬೊಬ್ಬರು ಒಂದೊಂದು ದೇಶಕ್ಕೆ ಹೋದ್ರು ಅಂತಾರೆ."

"ಪರ್ವಾಗಿಲ್ಲ" ಎಂದಳು ಪಿಳ್ಳಮ್ಮ. "ಅವ್ರು ಕುರಿಗಾದ್ರೂ ಕೊಟ್ರು."

ಯಾರೋ ನಕ್ಕರು. ಶೇಷಗಿರಿಯವರು ನಗಲಿಲ್ಲ. ರಾಮಾಂಜಿನಪ್ಪನ ಕಡೆ ತಿರುಗಿ, "ಏನಪ್ಪಾ, ಮುತ್ತಾತನ ಸಮಾಧಿ ಅಂದ್ರಿ. ಕಲ್ಲಿನ ಮೇಲೆ ಇವರ ದೊಡ್ಡಜ್ಜನ ಹೆಸರಿದೆ. ನನ್ನನ್ನೇನು ಮಂಗ ಅಂದ್ಕೊಂಡ್ರಾ?" ಎಂದರು.

"ಸ್ವಾಮಿ" ಎಂದು ಪಿಳ್ಳಮ್ಮ ಮುಂದೆ ಬಂದಳು. "ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ಈ ಕಲ್ಲು ತೋರ್ಸಿ, ನಿನ್ ಗಂಡನ ತಾತ ನರಸಪ್ಪ ಇಲ್ಲವ್ನೆ, ಕೈ ಮುಗಿ ಅಂದ್ಳು. ನಂಗೆ ಓದು ಬರಾಕಿಲ್ಲ. ನಮ್ಮತ್ತೆ ಸುಳ್ಳು ಯೋಳೋಳಲ್ಲ."

"ಅಜ್ಜಿ, ಸರ್ಕಾರಕ್ಕೆ ಅತ್ತೆ ಮಾತು ಆಗಲ್ಲ. ಕಲ್ಲಿನ ಮಾತು ಬೇಕು." ಶೇಷಗಿರಿಯವರು ಬಿಳಿಯನ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕ್ಯಾಮರಾವನ್ನು ಒಮ್ಮೆ ನೋಡಿ ದನಿ ತಗ್ಗಿಸಿದರು. "ಈಗ ನನಗೂ ಕಷ್ಟ. ಫಾರಿನ್ನಿನವರ ಗೋರಿ ಮೇಲೆ ಬುಲ್ಡೋಜರ್ ಬಿಟ್ರೆ ಇವರು ಎಲ್ಲಿಗೆ ಬರೀತಾರೋ ಏನೋ. ದೊರೆಯ ಕುಡಿ ಅಂತ ಇಲ್ಲಿ ಯಾರಾದ್ರೂ ಇದ್ದಿದ್ರೆ ಅವರ ಹೆಸರಿಗೆ ಬರೆದು ಬಿಟ್ಟುಬಿಡ್ತಿದ್ದೆ. ಯಾರೂ ಇಲ್ಲ, ಏನು ಮಾಡ್ಲಿ?"

ಆ ಮಾತು ಮುನಿಯಣ್ಣನ ಕಿವಿಗೆ ಬಿತ್ತು. ಅವನು ರಾಮಾಂಜಿನಪ್ಪನ ರಟ್ಟೆ ಹಿಡಿದು ಬಾವಿಯ ಹಿಂದಕ್ಕೆ ಎಳೆದುಕೊಂಡು ಹೋದ.

"ಕೇಳುಸ್ಕೊಂಡ್ಯಾ? ನಮ್ಮ ಮುತ್ತಾತನೇ ಆ ದೊರೆ ಅಂತ ಯೋಳ್ಬುಡು."

"ಏನ್ ಮಾತಾಡ್ತೀಯ ಮುನಿಯಣ್ಣ. ನಮ್ಮ ಮುತ್ತಾತ ನರಸಪ್ಪ."

"ಹೆಸ್ರಿಗೆ ನರಸಪ್ಪ. ಯಾವ್ದು ಎಂಗೋ ಯಾರ್ ಕಂಡೋರು? ನಿಮ್ಮ ಮುತ್ತಜ್ಜಿ ದೊರೆ ಬಂಗ್ಲೇಲಿ ಕಸ ಗುಡುಸ್ತಿದ್ಳು ಅಂದ್ರಾಯ್ತು. ನಿನ್ ಕಣ್ಣು ಬಾವಿ ನೀರಾಗ್ ನೋಡ್ಕೊ, ಬೆಕ್ಕಿನ್ ಕಣ್ಣು. ಊರ್ನಾಗೆ ಇನ್ಯಾರ್ಗೈತೆ?"

"ಆಯಮ್ಮನ ಮಾನ ಏನಾಗ್ಬೇಕು?"

"ಸತ್ತು ಎಷ್ಟು ಕಾಲ ಆಯ್ತೋ. ಅವ್ಳ ಮಾನ ಐತಾ ಅಂತ ಯಾವ ಆಫೀಸ್ನಾಗೂ ಕೇಳಾಕಿಲ್ಲ. ಮನೆ ಐತಾ ಅಂತ ಕೇಳ್ತಾರೆ."

ರಾಮಾಂಜಿನಪ್ಪ ಮನೆಯ ಕಡೆ ನೋಡಿದ. ಒಳಗೆ ಹೆಂಡತಿ ಎಡೆಗೆ ವಡೆ ಕರಿಯುತ್ತಿದ್ದ ವಾಸನೆ ಬರುತ್ತಿತ್ತು. ಹೋದ ಬೇಸಿಗೆಯಲ್ಲಿ ಹೆಂಚು ಕೈಯಾಡಿಸಿದ್ದ, ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದ. ಹೊಲ ಹೋದ ದಿನ ಅವನಿಗೆ ಅಳು ಬಂದಿರಲಿಲ್ಲ, ಮನೆಯಿದೆಯಲ್ಲ ಎಂದುಕೊಂಡಿದ್ದ. ಈಗ ಅದೂ ಹೋಗುವುದರಲ್ಲಿತ್ತು. ಕಂಡೇ ಇರದ ಮುದುಕಿ ಒಂದು ಕಡೆ, ಕಣ್ಣೆದುರಿನ ಮನೆ ಒಂದು ಕಡೆ. ಹೆಚ್ಚು ಹೊತ್ತು ತೂಗುವ ಧೈರ್ಯ ಅವನಿಗಿರಲಿಲ್ಲ.

ಜನರ ನಡುವೆ ಬಂದು ನಿಂತು, ನೆಲ ನೋಡುತ್ತ, "ಸಾರ್, ಮುಚ್ಚಿಟ್ಟಿದ್ದೆ. ಆ ದೊರೇನೇ ನಮ್ಮ ಮುತ್ತಾತ" ಎಂದ.

ಪಿಳ್ಳಮ್ಮ ಮಗನ ಮುಖವನ್ನೇ ನೋಡಿದಳು. ಅವನು ತಲೆ ಎತ್ತಲಿಲ್ಲ. ಅವಳು ಸೆರಗು ಹೊದ್ದುಕೊಂಡು ಹೋಗಿ ಜಗಲಿಯ ಮೇಲೆ, ಈ ಕಡೆಗೆ ಬೆನ್ನು ಹಾಕಿ ಕೂತಳು.

ಶೇಷಗಿರಿಯವರು ವಿಷಯ ತಿಳಿಸಿದ್ದೇ ತಡ, ಟುಲಕ್ ಎರಡೂ ಕೈ ಚಾಚಿ ಬಂದು ರಾಮಾಂಜಿನಪ್ಪನನ್ನು ತಬ್ಬಿಕೊಂಡ. ಅವನ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ ತಿರುಗಿಸಿ ಕಣ್ಣು ನೋಡಿದ. ತನ್ನ ಅಪ್ಪನ ಕಣ್ಣೂ ಥೇಟ್ ಹೀಗೇ ಇತ್ತು ಎಂದ. ಅವನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಊರೂರಿನ ಗೋರಿಗಳಲ್ಲಿ ಸತ್ತವರನ್ನು ಹುಡುಕಿ ಹುಡುಕಿ ಸಾಕಾದವನಿಗೆ ಮೊದಲ ಸಲ ಉಸಿರಾಡುವ ನೆಂಟನೊಬ್ಬ ಸಿಕ್ಕಿದ್ದ. ಸುಣ್ಣದ ಬಕೀಟು ಇನ್ನೂ ಕೈಯಲ್ಲೇ ಇದ್ದುದರಿಂದ ರಾಮಾಂಜಿನಪ್ಪನಿಗೆ ತಿರುಗಿ ತಬ್ಬಿಕೊಳ್ಳಲಾಗಲಿಲ್ಲ.

"ಹೇಳಿಕೆ ಬರೀತೀನಿ, ಎರಡು ಸಾಕ್ಷಿ ಬೇಕು" ಎಂದರು ಶೇಷಗಿರಿ. ಅವರಿಗೂ ನಿರಾಳವಾಗಿತ್ತು.

ಮುನಿಯಣ್ಣ ಆಗಲೇ ಪೆನ್ನಿನ ಟೊಪ್ಪಿ ತೆಗೆದಿದ್ದ. ಎರಡನೇ ಸಾಕ್ಷಿಗೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಿರುವಾಗ ಹಿಂದಿನಿಂದ ಚಿನ್ನಪ್ಪ ಮುಂದೆ ಬಂದ.

"ನಾನ್ ಹಾಕ್ತೀನಿ ಸಾರ್. ನಾವು ಮನೆ ಮಂದಿ, ನಮ್ಗಿಂತ ಚೆನ್ನಾಗಿ ಯಾರ್ಗೊತ್ತು? ಹಿರೀ ಮಗ ನರಸಪ್ಪಂಗೆ ಹುಟ್ಟಿದ್ದು, ಅದು ನಮ್ಮ ಕವ್ಲು. ಆಮೇಲೆ ನಮ್ಮ ಮುತ್ತಜ್ಜಿ ಬಂಗ್ಲೆ ಕೆಲ್ಸಕ್ ಓಗಕ್ ಸುರು ಮಾಡಿದ್ಳು. ಎರಡನೇದು ದೊರೇದು. ನಮ್ ತಾತ ಸಾಯೋವಾಗ ನಂತಾವ ಯೋಳಿದ್ದ. ಮನೆ ಮಾನ ಅಂತ ಇಷ್ಟು ದಿನ ಬಾಯಿ ಬುಡ್ಲಿಲ್ಲ."

ಎಷ್ಟು ಸಲೀಸಾಗಿ ಹೇಳಿದನೆಂದರೆ ಮುನಿಯಣ್ಣನಿಗೇ ಇದು ನಿಜವಿರಬಹುದೇ ಎಂದು ಅನುಮಾನ ಬಂತು. ರಾಮಾಂಜಿನಪ್ಪನಿಗೆ ಮಾತ್ರ ಕಣ್ಣು ಒದ್ದೆಯಾಯಿತು. ಪಾಲಾದಾಗಿನಿಂದ ಮುಖ ಕೊಟ್ಟು ಮಾತಾಡದ ದಾಯಾದಿ, ಕಷ್ಟ ಬಂದಾಗ ತನಗಾಗಿ ಇಷ್ಟು ದೊಡ್ಡ ಸುಳ್ಳು ಹೇಳಿದನಲ್ಲ. ರಕ್ತ ಅಂದರೆ ರಕ್ತವೇ ಎಂದುಕೊಂಡ.

ಶೇಷಗಿರಿಯವರು ಜೀಪಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದು ಓದಿ ಹೇಳಿದರು. ಈ ಸಮಾಧಿ ಅಲೆಕ್ಸಾಂಡರ್ ಟುಲಕ್ ಅವರದು, ನಾನು ಅವರ ವಂಶದವನು, ನರಸಪ್ಪನಿಗೂ ನನ್ನ ಕವಲಿಗೂ ಯಾವ ರಕ್ತಸಂಬಂಧವೂ ಇರುವುದಿಲ್ಲ.

"ಕೊನೇದು ಬೇಕಾ ಸಾರ್?" ಎಂದ ರಾಮಾಂಜಿನಪ್ಪ ಮೆಲ್ಲಗೆ.

"ಬೇಕಪ್ಪ. ಗಂಡು ಕಡೆಯಿಂದ ಯಾರಿಗಾದ್ರೂ ಮುತ್ತಾತ ಒಬ್ಬನೇ. ಇಬ್ಬರನ್ನ ಬರೆದ್ರೆ ಮೇಲಿನವರು ನನ್ನ ಕೇಳ್ತಾರೆ."

ರಾಮಾಂಜಿನಪ್ಪ ಸಹಿ ಮಾಡಿದ. ನಾಲ್ಕನೇ ಕ್ಲಾಸಿನ ತನಕ ಓದಿದ್ದು ಇದೊಂದಕ್ಕೆ ಉಪಯೋಗಕ್ಕೆ ಬಂತು. ಸಾಕ್ಷಿಗಳೂ ಸಹಿ ಮಾಡಿದರು.

ಇನ್ನೇನು ಎಲ್ಲ ಮುಗಿಯಿತು ಅನ್ನುವಾಗ ಟುಲಕ್ ಒಂದು ಆಸೆ ಹೇಳಿದ. ದೊರೆ ಸತ್ತ ವರ್ಷ ತನ್ನ ಕಾಗದದಲ್ಲಿ ಖಾಲಿಯಿದೆ, ಅದು ಕಲ್ಲಿನ ಕೆಳಗಡೆ ಇದ್ದೀತು, ಕಟ್ಟೆಯನ್ನು ಒಂದಿಷ್ಟು ಒಡೆಯಬಹುದೇ ಎಂದು ಕೇಳಿದ. ಶೇಷಗಿರಿಯವರು ಹೇಳಿ ಮುಗಿಸುವ ಮೊದಲೇ ರಾಮಾಂಜಿನಪ್ಪ ಹಾರೆ ತಂದ. ಮನೆ ಉಳಿದ ಹುರುಪು ಅವನ ರಟ್ಟೆಯಲ್ಲಿತ್ತು. ತಾನೇ ಕಟ್ಟಿಸಿದ ಸಿಮೆಂಟನ್ನು ತಾನೇ ನಾಲ್ಕಾರು ಏಟಿಗೆ ಕಿತ್ತು, ಮಣ್ಣು ಕೆದರಿ, ಪಂಚೆಯ ತುದಿಯಿಂದ ಕಲ್ಲು ಒರೆಸಿ, "ಓದ್ಕೊಳ್ಳಿ ದೊರೆ" ಎಂದ.

ಅಕ್ಷರ ಸಣ್ಣವು, ಆದರೆ ನೆಲದೊಳಗಿದ್ದುದರಿಂದ ನಿನ್ನೆ ಕೆತ್ತಿದ ಹಾಗಿದ್ದವು. ಓದುತ್ತ ಓದುತ್ತ ಟುಲಕ್‌ನ ಮುಖ ಇಳಿಯಿತು. ಎರಡನೇ ಸಲ ಓದಿದ. ಆಮೇಲೆ ಹಣೆ ಚಚ್ಚಿಕೊಂಡು ಶೇಷಗಿರಿಯವರಿಗೆ ಏನೋ ಹೇಳಿದ. ಅವರೂ ಬಗ್ಗಿ ಓದಿ, ಎದ್ದು, ಕನ್ನಡಕ ತೆಗೆದು ಒರೆಸಿಕೊಂಡರು.

"ಏನ್ ಸಾರ್, ಯಾವ್ ವರ್ಷ ಸತ್ನಂತೆ?" ಎಂದ ಮುನಿಯಣ್ಣ.

"ದೊರೆ ಇಲ್ಲಿ ಸತ್ತಿಲ್ಲ." ಶೇಷಗಿರಿಯವರು ನಿಧಾನವಾಗಿ ಹೇಳಿದರು. "ಇವರ ದೇಶದಲ್ಲಿ ಕಲ್ಲು ನಿಲ್ಲಿಸಿದವರ ಹೆಸರನ್ನ ಮೊದಲು ಹಾಕ್ತಾರಂತೆ, ದೊಡ್ಡದಾಗಿ. ಸತ್ತವರ ಹೆಸರು ಆಮೇಲೆ. ನಮ್ಮಲ್ಲಿ ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಮಂತ್ರಿ ಹೆಸರು ಇರಲ್ವಾ, ಹಾಗೆ. ಮುರಿದುಹೋಗಿರೋ ನೆತ್ತಿಯಲ್ಲಿ ನಿಲ್ಲಿಸಿದವರು ಅಂತ ಇದ್ದಿರಬೇಕು, ನನಗೆ ಮೊದಲೇ ಹೊಳೀಬೇಕಿತ್ತು ಅಂತಾರೆ."

"ಅಂಗಾರೆ ಸತ್ತೋನ್ಯಾರು?"

ಶೇಷಗಿರಿಯವರು ಕಲ್ಲಿನ ಕಡೆ ತಿರುಗಿ ಒಂದೊಂದೇ ಸಾಲನ್ನು ಕನ್ನಡ ಮಾಡಿ ಓದಿದರು. "ನರಸಪ್ಪ. ಈ ಊರಿನವನು. ನನ್ನ ಕುದುರೆಗಳನ್ನು ಮಕ್ಕಳಂತೆ ನೋಡಿಕೊಂಡವನು. ಪ್ಲೇಗಿನ ವರ್ಷ ನಾನು ಮಲಗಿದಾಗ ಎಲ್ಲರೂ ಓಡಿಹೋದರು, ಇವನೊಬ್ಬ ಉಳಿದ. ನಾನು ಬದುಕಿದೆ, ಇವನು ಹೋದ. ನನ್ನ ಸ್ವಂತದವರು ಮಾಡದಿದ್ದುದನ್ನು ಇವನು ಮಾಡಿದ."

ಜಗಲಿಯ ಮೇಲೆ ಬೆನ್ನು ಹಾಕಿ ಕೂತಿದ್ದ ಪಿಳ್ಳಮ್ಮ ಎದ್ದು ಬಂದಳು. ಕಲ್ಲಿನ ಮುಂದೆ ಕೂತು ಆ ಅಕ್ಷರಗಳ ಮೇಲೆ ಕೈಯಾಡಿಸಿದಳು. "ನಮ್ಮತ್ತೆ ಸುಳ್ಳು ಯೋಳೋಳಲ್ಲ ಅಂದ್ನಲ್ಲ ನಾನು" ಎಂದಳು, ಯಾರಿಗೂ ಅಲ್ಲದಂತೆ.

ರಾಮಾಂಜಿನಪ್ಪನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. "ನೋಡಿ ಸಾರ್, ನಾನು ಆವತ್ತಿಂದ ಯೋಳಿದ್ದು ಅದನ್ನೇ. ನರಸಪ್ಪನೇ ನಮ್ಮ ಮುತ್ತಾತ. ಈಗ ಕಲ್ಲೇ ಯೋಳ್ತು. ಆ ಪೇಪರ್ ಹರ್ದಾಕ್ಬುಡಿ."

ಶೇಷಗಿರಿಯವರು ಕಾಗದ ನೋಡಿದರು, ಅವನನ್ನು ನೋಡಿದರು. "ಹೇಗಪ್ಪ ಹರೀಲಿ? ಇಷ್ಟು ಜನದ ಮುಂದೆ ನೀವೇ ಹೇಳಿದ್ದು. ನರಸಪ್ಪನಿಗೂ ನಿಮಗೂ ಸಂಬಂಧ ಇಲ್ಲ ಅಂತ ಸಹಿ ಇದೆ, ಎರಡು ಸಾಕ್ಷಿ ಇದೆ."

"ಸುಳ್ಳು ಯೋಳ್ದೆ ಸಾರ್. ಮನೆ ಓಗ್ತದೆ ಅಂತ."

"ಸುಳ್ಳು ಅಂತ ಬರೆದ್ರೆ ಸರ್ಕಾರಕ್ಕೆ ಸುಳ್ಳು ಹೇಳಿಕೆ ಕೊಟ್ಟ ಕೇಸಾಗುತ್ತೆ. ಬೆಳಿಗ್ಗೆ ಒಬ್ಬ ಮುತ್ತಾತ, ಮಧ್ಯಾಹ್ನ ಒಬ್ಬ, ಸಂಜೆಗೆ ಇನ್ನೊಬ್ಬ ಅಂತ ನಾನು ಬರ್ಕೊಂಡು ಹೋದ್ರೆ ನನ್ನ ಕೆಲಸ ಇರುತ್ತಾ? ಸಾಕ್ಷಿಗಳು ಏನಂತಾರೆ?"

ಮುನಿಯಣ್ಣ ಆಕಾಶ ನೋಡಿದ. "ನಂಗೆ ಇವ್ರ ಮನೆ ವಿಚಾರ ಏನೂ ಗೊತ್ತಿಲ್ಲ ಸಾರ್. ಇವ್ನು ಯೋಳ್ದ, ನಾನ್ ಹಾಕ್ದೆ" ಎಂದು ಲೂನಾದ ಕಡೆ ಸರಿದ.

ಚಿನ್ನಪ್ಪ ಸರಿಯಲಿಲ್ಲ. ಟವಲು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದು, ಬಹಳ ವಿನಯದಿಂದ ಕೇಳಿದ. "ಸಾರ್, ಪಹಣಿ ನರಸಪ್ಪನ ಹೆಸ್ರಲ್ಲೈತೆ. ಸಮಾಧಿನೂ ನರಸಪ್ಪಂದೇ ಅಂತ ಆಯ್ತು. ಹಿರಿಯರ ಸಮಾಧಿ ಇದ್ರೆ ವಂಶದೋರಿಗೆ ಬುಟ್ಕೊಡ್ತಾರೆ ಅಂತ ತಾವು ಅಂದ್ರಂತೆ. ವಂಶದೋನು ನಾನೊಬ್ಬ ಇದ್ದೀನಲ್ಲ."

ಶೇಷಗಿರಿಯವರು ಹೇಳಿಕೆಯನ್ನು ಮತ್ತೊಮ್ಮೆ ಓದಿದರು. ಹಿರಿಯ ಮಗನ ಕವಲು ನರಸಪ್ಪನದು ಎಂದು ಚಿನ್ನಪ್ಪ ಹೇಳಿದ್ದನ್ನೂ ಅವರು ಬರೆದುಕೊಂಡಿದ್ದರು. ತಪ್ಪು ಹುಡುಕಿದರು, ಸಿಗಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಹೊಸ ಹಾಳೆ ಇಟ್ಟುಕೊಂಡು, "ನಿಮ್ಮ ಪೂರ್ತಿ ಹೆಸರು ಹೇಳಿ" ಎಂದರು, ಚಿನ್ನಪ್ಪನಿಗೆ.

ರಾಮಾಂಜಿನಪ್ಪ ಏನೇನೋ ಕೂಗಿದ. ಚಿನ್ನಪ್ಪನ ಟವಲು ಹಿಡಿದು ಜಗ್ಗಿದ, ಇಬ್ಬರು ಬಿಡಿಸಿದರು. ಕೊನೆಗೆ ಕಿತ್ತ ಸಿಮೆಂಟಿನ ಗುಡ್ಡೆಯ ಮೇಲೆ ಕುಸಿದು ಕೂತ. ನಡೆದುದರ ತಲೆಬುಡ ಅರ್ಥವಾಗದ ಟುಲಕ್, ನೆಂಟ ತನ್ನ ಹಾಗೆಯೇ ದೊರೆಯ ಗೋರಿ ಸಿಗದ ದುಃಖದಲ್ಲಿದ್ದಾನೆ ಎಂದುಕೊಂಡ. ಪಕ್ಕದಲ್ಲಿ ಕೂತು ಹೆಗಲ ಮೇಲೆ ಕೈ ಹಾಕಿ, ಸುರುಳಿ ಬಿಚ್ಚಿ, ಅಲೆಕ್ಸಾಂಡರನ ಹೆಸರಿನ ಕೆಳಗೆ ಗೆರೆ ಎಳೆದು ಅವನ ಹೆಸರನ್ನು ಕೇಳಿ ಕೇಳಿ ಬರೆದುಕೊಂಡ. ಅದರ ಮುಂದೆ ಅವನ ಮಕ್ಕಳಿಗೂ ಜಾಗ ಬಿಟ್ಟ. ಒಂದು ಫೋಟೋ ತೆಗೆದು, ಕ್ರಿಸ್ಮಸ್ಸಿಗೆ ಕಾರ್ಡು ಹಾಕುತ್ತೇನೆಂದು ಕೈ ಕುಲುಕಿ ಕಾರು ಹತ್ತಿದ. ಮುನಿಯಣ್ಣ ದಾರಿ ತೋರಿಸುವ ನೆಪದಲ್ಲಿ ಲೂನಾದ ಮೇಲೆ ಕಾರಿನ ಮುಂದೆ ಹೊರಟ.

ಹೊತ್ತು ಏರಿತ್ತು. ಪಿಳ್ಳಮ್ಮ ಒಳಗಿನಿಂದ ಬಾಳೆಲೆ ತಂದಳು. ಮುದ್ದೆ, ಬಾಡಿನ ಸಾರು, ವಡೆ, ಹೊಸ ಪಂಚೆ ಎಲ್ಲವನ್ನೂ ಸಮಾಧಿಯ ಮುಂದೆ ಇಟ್ಟಳು. ರಾಮಾಂಜಿನಪ್ಪ ಎದ್ದು ಕೈ ತೊಳೆದುಕೊಂಡು ಬಂದು ಎಂದಿನಂತೆ ಕರ್ಪೂರಕ್ಕೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಅವ್ವ."

"ನೀನಲ್ಲ" ಎಂದಳು ಪಿಳ್ಳಮ್ಮ. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದೇ ಅವನಿಗೆ ಹೆಚ್ಚು ನೋವಾಯಿತು. "ಎಲ್ರೂ ಬುಟ್ಟು ಓಡ್ದಾಗ ನಿಂತಿದ್ದೋನು ಅವ್ನು. ಅವ್ನನ್ನ ನಮ್ಮೋನಲ್ಲ ಅಂತ ಬರ್ಕೊಟ್ಟ ಕೈಲಿ ಎಡೆ ಇಕ್ಕಿದ್ರೆ ಕಾಗೆನೂ ಮುಟ್ಟಾಕಿಲ್ಲ." ಕರ್ಪೂರವನ್ನು ಚಿನ್ನಪ್ಪನ ಕೈಗೆ ಹಾಕಿದಳು. ಚಿನ್ನಪ್ಪ ಆರತಿ ಎತ್ತಿ, ಕಲ್ಲಿಗೆ ಅಡ್ಡಬಿದ್ದು, ಕಣ್ಣಿಗೆ ಒತ್ತಿಕೊಂಡ. ಹತ್ತು ನಿಮಿಷಕ್ಕೆ ಕಾಗೆ ಬಂತು, ವಡೆ ಕಚ್ಚಿಕೊಂಡು ಹೋಯಿತು.

ಹಸಿರು ಬಣ್ಣದ ಬಾಗಿಲಿನ ಮುಂದೆ ಚಾಪೆ ಹಾಕಿ ಎಲೆ ಹರಡಿದರು. ಚಿನ್ನಪ್ಪ ಯಜಮಾನನ ಜಾಗದಲ್ಲಿ ಕೂತ. ಎಲ್ಲರ ಎಲೆಗೂ ಬಡಿಸಲು ಹೇಳಿ, ಎದುರು ಗುಡ್ಡೆಯ ಮೇಲೆ ಒಬ್ಬನೇ ಕೂತಿದ್ದ ರಾಮಾಂಜಿನಪ್ಪನನ್ನು ನೋಡಿ ಕರೆದ.

"ಅಲ್ಯಾಕ್ ಕುಂತಿದ್ದೀಯ ರಾಮಾಂಜಿ, ಬಾ, ಉಣ್ಣು. ಹಿರಿಯರ ಹಬ್ಬದ ದಿನ ಹೊರ್ಗಿನೋರ್ಗೂ ಇಕ್ಬೇಕು."